ಜಿಡಿಬಿಯಲ್ಲಿ ಜಿಸಿಸಿಯ ಟ್ರೀ ಸರಿಯಾಗಿ ಮುದ್ರಣವಾಗದಿದ್ದರೆ: ದೋಷ ಪತ್ತೆಯ ಕೈಪಿಡಿ

ಜಿಸಿಸಿ ಕಂಪೈಲರಿನ ಒಳಗೆ ಕೆಲಸ ಮಾಡುವವರಿಗೆ ಹೆಜ್ಜೆಹೆಜ್ಜೆಗೂ ಎದುರಾಗುವ ವಸ್ತು ‘ಟ್ರೀ’. ಕಂಪೈಲರ್ ತಾನು ಓದಿದ ಪ್ರೋಗ್ರಾಮನ್ನು ಇಟ್ಟುಕೊಳ್ಳುವ ಒಳರೂಪ ಅದು; ‘ಟ್ರೀ_ನೋಡ್’ ಎಂಬ ಯೂನಿಯನ್ನಿನ (ಒಂದೇ ಜಾಗವನ್ನು ಹಲವು ಬಗೆಯಾಗಿ ಓದಬಹುದಾದ ರಚನೆಯ) ಪಾಯಿಂಟರ್. ಬರಿಯ ಜಿಡಿಬಿಗೆ (ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡಿಬಗರಿಗೆ) ಅದನ್ನು ಪ್ರಿಂಟ್ ಮಾಡಲು ಹೇಳಿದರೆ ಒಂದು ವಿಳಾಸವನ್ನು ತೋರಿಸಿ ಸುಮ್ಮನಾಗುತ್ತದೆ. ನಕ್ಷತ್ರ ಸೇರಿಸಿ ಒಳಗಿರುವುದನ್ನು ತೋರಿಸಲು ಹೇಳಿದರೆ, ಅದೇ ಬೈಟುಗಳನ್ನು ಒಮ್ಮೆ ಡಿಕ್ಲರೇಷನ್ ಎಂದು, ಒಮ್ಮೆ ಟೈಪ್ ಎಂದು, ಇನ್ನೊಮ್ಮೆ ಸ್ಥಿರಾಂಕ ಎಂದು ಓದಿ ಪರದೆಗಟ್ಟಲೆ ಸುರಿಯುತ್ತದೆ. ಅಷ್ಟರಲ್ಲಿ ನಿಜವಾದ ಓದು ಒಂದೇ. ಅದು ಯಾವುದೆಂದು ಹೇಳುವ ಅರಿವು ಜಿಡಿಬಿಗೆ ಇಲ್ಲ. ಆದ್ದರಿಂದಲೇ ಜಿಸಿಸಿ ತನ್ನ ಒಳರಚನೆಗಳಿಗೆಂದು ಪ್ರತ್ಯೇಕ ಮುದ್ರಣ ಫಂಕ್ಷನ್‌ಗಳನ್ನು ಇಟ್ಟುಕೊಂಡಿದೆ. ಅವು ಕೈಕೊಟ್ಟಾಗ ಎಲ್ಲಿ ಹುಡುಕಬೇಕು ಎಂಬುದು ಈ ಬರಹದ ವಿಷಯ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು.

ಈ ಫಂಕ್ಷನ್‌ಗಳಲ್ಲಿ ಎರಡು ಪಂಗಡಗಳಿವೆ. ಮೊದಲನೆಯದು ಡಿಬಗರಿನ ಕಡೆಯದು. ಜಿಡಿಬಿ 2009ರ 7.0 ಆವೃತ್ತಿಯಿಂದ ಪೈಥಾನ್ ಸ್ಕ್ರಿಪ್ಟುಗಳನ್ನು ಓಡಿಸಬಲ್ಲದು. ಅದನ್ನು ಬಳಸಿಕೊಂಡು 2013ರಲ್ಲಿ ಜಿಸಿಸಿಯ ಸೋರ್ಸಿಗೆ ‘ಜಿಡಿಬಿಹುಕ್ಸ್.ಪಿವೈ’ ಎಂಬ ಕಡತ ಸೇರಿತು. ಟ್ರೀ, ಗಿಂಪಲ್ ಮತ್ತು ಆರ್‌ಟಿಎಕ್ಸ್ (ಕಂಪೈಲ್ ಆಗುವ ಪ್ರೋಗ್ರಾಮಿನ ಮುಂದಿನ ಹಂತಗಳ ಒಳರೂಪಗಳು), ಬೇಸಿಕ್ ಬ್ಲಾಕ್, ವೆಕ್ (ಜಿಸಿಸಿಯ ಬೆಳೆಯುವ ಅರೇ) ಮೊದಲಾದವುಗಳ ಪ್ರೆಟಿ ಪ್ರಿಂಟರ್‌ಗಳು, ಎಂದರೆ ಬೆಲೆಯನ್ನು ಓದಬಲ್ಲ ರೂಪದಲ್ಲಿ ತೋರಿಸುವ ತುಣುಕುಗಳು, ಅದರಲ್ಲಿವೆ. ಎರಡನೆಯದು ಕಂಪೈಲರಿನ ಒಳಗೇ ಇರುವ ‘ಡಿಬಗ್_ಟ್ರೀ’, ‘ಡಿಬಗ್_ಗಿಂಪಲ್_ಎಸ್‌ಟಿಎಂಟಿ’, ‘ಡಿಬಗ್_ಆರ್‌ಟಿಎಕ್ಸ್’ ಮುಂತಾದವು. ಪೈಥಾನ್ ಸ್ಕ್ರಿಪ್ಟು ನಿಂತ ಪ್ರೋಗ್ರಾಮಿನ ಮೆಮೊರಿಯನ್ನು ಹೊರಗಿನಿಂದ ಓದುತ್ತದೆ, ಆರ್‌ಟಿಎಕ್ಸ್ ಪ್ರಿಂಟರನ್ನು ಬಿಟ್ಟರೆ ಕಂಪೈಲರಿನ ಕೋಡನ್ನು ಓಡಿಸುವುದಿಲ್ಲ. ಎರಡನೆಯ ಪಂಗಡದ್ದನ್ನು ಕರೆದಾಗ ಜಿಡಿಬಿಯು ನಿಂತ ಪ್ರೋಗ್ರಾಮಿನೊಳಗೇ ಆ ಫಂಕ್ಷನನ್ನು ಓಡಿಸುತ್ತದೆ, ಫಲಿತಾಂಶ ಪ್ರೋಗ್ರಾಮಿನ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ. ಎರಡೂ ಕೆಡುವ ರೀತಿ ಬೇರೆಬೇರೆ. ಆದ್ದರಿಂದ ಏನನ್ನಾದರೂ ತಿದ್ದುವ ಮೊದಲು ಪರದೆಯ ಮೇಲಿರುವ ಸಾಲನ್ನು ಬರೆದವರು ಯಾರು, ಡಿಬಗರೋ ಕಂಪೈಲರೋ ಎಂದು ನಿರ್ಧರಿಸಿಕೊಳ್ಳಬೇಕು.

ಇದು ತೋರುವಷ್ಟು ಸುಲಭವಲ್ಲ, ಏಕೆಂದರೆ ಎರಡರ ಬರವಣಿಗೆಯೂ ಒಂದೇ ಧಾಟಿಯದು. ಮೇನ್ ಫಂಕ್ಷನ್ನಿನ ಡಿಕ್ಲರೇಷನ್ನನ್ನು ಪೈಥಾನ್ ಪ್ರಿಂಟರ್ ಹೀಗೆ ತೋರಿಸುತ್ತದೆ:

$1 = <ಫಂಕ್ಷನ್_ಡೆಕ್ಲ್ (ವಿಳಾಸ) ಮೇನ್>

ಡಿಬಗ್_ಟ್ರೀ ಕೂಡ ಇದೇ ಕೋನಾವರಣ, ಇದೇ ಹೆಸರು, ಇದೇ ವಿಳಾಸದಿಂದ ಶುರುವಾಗುತ್ತದೆ. ಆದರೆ ಅಲ್ಲಿಗೆ ನಿಲ್ಲದೆ ಟೈಪು, ಗಾತ್ರ, ಅಲೈನ್‌ಮೆಂಟು ಎಂದು ಹಲವು ಸಾಲುಗಳಲ್ಲಿ ಒಳಸರಿಯುತ್ತಾ ಹೋಗುತ್ತದೆ. ಗುರುತು ಹಿಡಿಯಲು ಎರಡು ಸಂಗತಿಗಳು ಸಾಕು. ಮುಂದೆ ಡಾಲರ್ ಚಿಹ್ನೆಯೂ ಸಂಖ್ಯೆಯೂ ಇದ್ದರೆ ಅದು ಡಿಬಗರಿನ ಬರಹ. ಅನುಮಾನ ಉಳಿದರೆ ‘ಪ್ರಿಂಟ್/ಆರ್’ ಕೊಡಿ. ಅದು ಪ್ರೆಟಿ ಪ್ರಿಂಟರನ್ನು ಬದಿಗಿಟ್ಟು ಕಚ್ಚಾ ಬೆಲೆಯನ್ನು ತೋರಿಸುವುದರಿಂದ, ಎರಡು ಉತ್ತರಗಳೂ ಒಂದೇ ಆಗಿದ್ದರೆ ಪ್ರೆಟಿ ಪ್ರಿಂಟರ್ ಕೆಲಸಕ್ಕೆ ಬಂದೇ ಇಲ್ಲ ಎಂದರ್ಥ.

ಬರಿಯ ವಿಳಾಸ ಮಾತ್ರ ಕಾಣಿಸುವಾಗ

ಅತಿ ಹೆಚ್ಚು ಕೇಳಿಬರುವ ದೂರು ಇದು, ಮತ್ತು ಹೆಚ್ಚಿನ ಸಲ ಪ್ರಿಂಟರ್‌ಗಳಲ್ಲಿ ದೋಷವೇ ಇರುವುದಿಲ್ಲ. ಅವು ಲೋಡ್ ಆಗಿರುವುದಿಲ್ಲ, ಅಷ್ಟೆ. ಜಿಸಿಸಿಯನ್ನು ಕಾನ್ಫಿಗರ್ ಮಾಡಿದಾಗ ಬಿಲ್ಡ್ ಡೈರೆಕ್ಟರಿಯ ‘ಜಿಸಿಸಿ’ ಉಪಡೈರೆಕ್ಟರಿಯಲ್ಲಿ ‘.ಜಿಡಿಬಿಇನಿಟ್’ ಎಂಬ ಸಣ್ಣ ಕಡತ ತಾನಾಗಿ ಸೃಷ್ಟಿಯಾಗುತ್ತದೆ. ಅದು ಮೊದಲು ಸೋರ್ಸಿನಲ್ಲಿರುವ ‘ಜಿಡಿಬಿಇನಿಟ್.ಇನ್’ ಕಡತವನ್ನು ಓದಿಸುತ್ತದೆ, ಅನಂತರ ಪೈಥಾನಿನಿಂದ ಜಿಡಿಬಿಹುಕ್ಸನ್ನು ಇಂಪೋರ್ಟ್ ಮಾಡಿಸುತ್ತದೆ. ಈ ಕಡತ ಓದಲ್ಪಟ್ಟರೆ ‘ಫ್ಯಾನ್ಸಿ_ಅಬಾರ್ಟ್’ ಮತ್ತು ‘ಇಂಟರ್ನಲ್_ಎರರ್’ ಫಂಕ್ಷನ್‌ಗಳ ಮೇಲೆ ಬ್ರೇಕ್‌ಪಾಯಿಂಟ್‌ಗಳು ಬೀಳುತ್ತವೆ. ಇಂಪೋರ್ಟ್ ಯಶಸ್ವಿಯಾದರೆ, ಜಿಸಿಸಿಗಾಗಿ ಜಿಡಿಬಿ ಹುಕ್ಸ್ ಯಶಸ್ವಿಯಾಗಿ ಲೋಡ್ ಆದವು ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಮೂಡುತ್ತದೆ. ಜಿಡಿಬಿ ತೆರೆದ ಕೂಡಲೇ ಮೇಲೆ ಓಡಿಹೋಗುವ ಈ ಸಾಲುಗಳನ್ನು ನಾವು ಯಾರೂ ಓದುವುದಿಲ್ಲ, ಆದರೆ ರೋಗದ ಲಕ್ಷಣ ಇರುವುದೇ ಅಲ್ಲಿ. ಬ್ರೇಕ್‌ಪಾಯಿಂಟೂ ಇಲ್ಲ, ಯಶಸ್ಸಿನ ಸಾಲೂ ಇಲ್ಲ ಎಂದಾದರೆ ಕಡತವೇ ಓದಲ್ಪಟ್ಟಿಲ್ಲ. ಬ್ರೇಕ್‌ಪಾಯಿಂಟ್ ಇದ್ದು ಯಶಸ್ಸಿನ ಸಾಲು ಇಲ್ಲದಿದ್ದರೆ ಪೈಥಾನ್ ಇಂಪೋರ್ಟ್ ಮುರಿದುಬಿದ್ದಿದೆ.

ಕಡತ ಓದಲ್ಪಡದಿರಲು ಮೊದಲ ಕಾರಣ, ನೀವು ನಿಂತಿರುವ ಡೈರೆಕ್ಟರಿ. ಜಿಡಿಬಿ ಈ ಕಡತವನ್ನು ತಾನು ಶುರುವಾದ ಡೈರೆಕ್ಟರಿಯಲ್ಲಿ ಮಾತ್ರ ಹುಡುಕುತ್ತದೆ. ಪರೀಕ್ಷೆಯ ಸಿ ಕಡತ ಮನೆಯ ಡೈರೆಕ್ಟರಿಯಲ್ಲಿದೆ ಎಂದು ಅಲ್ಲೇ ನಿಂತು ‘-ವ್ರ್ಯಾಪರ್ ಜಿಡಿಬಿ,--ಆರ್ಗ್ಸ್’ ಆಯ್ಕೆಯೊಂದಿಗೆ ಜಿಸಿಸಿಯನ್ನು ಓಡಿಸಿದರೆ ಡಿಬಗರ್ ಬರುತ್ತದೆ, ಪ್ರಿಂಟರ್‌ಗಳು ಬರುವುದಿಲ್ಲ. ಕಾನ್ಫಿಗರನ್ನು ಸಾಪೇಕ್ಷ ದಾರಿಯಿಂದ ಕರೆದಿದ್ದರೆ ಕಡತದೊಳಗಿನ ದಾರಿಗಳೂ ಸಾಪೇಕ್ಷವೇ ಆಗಿರುತ್ತವೆ. ಹೀಗಾಗಿ ಅದನ್ನು ಬೇರೆಡೆಯಿಂದ ಕೈಯಾರೆ ಓದಿಸಿದರೂ ಪ್ರಯೋಜನವಾಗದೇ ಹೋಗಬಹುದು. ಬಿಲ್ಡಿನ ಜಿಸಿಸಿ ಉಪಡೈರೆಕ್ಟರಿಗೆ ಹೋಗಿ, ಪರೀಕ್ಷೆಯ ಕಡತಕ್ಕೆ ಪೂರ್ಣ ದಾರಿ ಕೊಟ್ಟು, ಜಿಡಿಬಿಯಲ್ಲಿ ನೇರವಾಗಿ ‘ಸಿಸಿ1’ ಅನ್ನು ತೆರೆಯುವುದೇ ನನ್ನ ಅನುಭವದಲ್ಲಿ ಕಿರಿಕಿರಿ ಇಲ್ಲದ ದಾರಿ. ಸಿಸಿ1ಕ್ಕೆ ಕೊಡಬೇಕಾದ ಆಯ್ಕೆಗಳು ಯಾವುವೆಂದು ತಿಳಿಯಲು ಜಿಸಿಸಿಯನ್ನು ಒಮ್ಮೆ ‘-ವಿ’ ಆಯ್ಕೆಯೊಂದಿಗೆ ಓಡಿಸಿ, ಅದು ತೋರಿಸುವ ಸಾಲನ್ನು ನಕಲು ಮಾಡಿಕೊಳ್ಳಬಹುದು.

ಇಲ್ಲಿ ಹೊಸಬರು ಎಡವುವ ಇನ್ನೊಂದು ಕಲ್ಲಿದೆ: ‘ಜಿಸಿಸಿ’ ಎಂಬ ಆಜ್ಞೆ ಕಂಪೈಲರ್ ಅಲ್ಲ, ಅದು ಡ್ರೈವರ್. ನಿಜವಾದ ಕಂಪೈಲರ್ ಸಿ ಭಾಷೆಗೆ ಸಿಸಿ1, ಸಿ++ ಭಾಷೆಗೆ ಸಿಸಿ1ಪ್ಲಸ್. ಡ್ರೈವರ್ ಅವನ್ನು ಬೇರೆ ಪ್ರೊಸೆಸ್ ಆಗಿ ಹುಟ್ಟುಹಾಕುತ್ತದೆ. ಡ್ರೈವರಿನ ಮೇಲೆ ಜಿಡಿಬಿ ಹಾಕಿ ಕಂಪೈಲರಿನ ಯಾವುದೋ ಪಾಸಿನಲ್ಲಿ (ಕೋಡನ್ನು ಸಂಸ್ಕರಿಸುವ ಒಂದು ಹಂತದಲ್ಲಿ) ಬ್ರೇಕ್‌ಪಾಯಿಂಟ್ ಇಟ್ಟರೆ, ಆ ಫಂಕ್ಷನ್ ಇಲ್ಲ, ಮುಂದೆ ಲೈಬ್ರರಿ ಲೋಡ್ ಆದಾಗ ನೋಡಲೇ ಎಂದು ಜಿಡಿಬಿ ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಎಂದವರು ಆಮೇಲೆ ಎಷ್ಟು ಹೊತ್ತು ಕಾದರೂ ಅಲ್ಲಿ ಏನೂ ನಿಲ್ಲುವುದಿಲ್ಲ.

ಡೈರೆಕ್ಟರಿ ಸರಿಯಿದ್ದೂ ಕಡತ ಓದಲ್ಪಡದಿದ್ದರೆ ಸುರಕ್ಷಿತ ದಾರಿಯ ನಿರ್ಬಂಧವನ್ನು ನೋಡಿ. 2012ರ 7.5 ಆವೃತ್ತಿಯಿಂದ ಜಿಡಿಬಿ ಗುರುತಿಲ್ಲದ ಡೈರೆಕ್ಟರಿಯ ಇನಿಟ್ ಕಡತವನ್ನು ಓಡಿಸಲು ಒಪ್ಪುವುದಿಲ್ಲ. ನಿರಾಕರಿಸಿದ್ದೇನೆ ಎಂದು ಎಚ್ಚರಿಕೆಯ ಸಾಲನ್ನೂ ಬರೆಯುತ್ತದೆ. ಮನೆಯ ಡೈರೆಕ್ಟರಿಯಲ್ಲಿರುವ ನಿಮ್ಮ ಸ್ವಂತ ಇನಿಟ್ ಕಡತದಲ್ಲಿ ‘ಆಡ್-ಆಟೋ-ಲೋಡ್-ಸೇಫ್-ಪಾತ್’ ಆಜ್ಞೆಯ ಮುಂದೆ ಬಿಲ್ಡ್ ಡೈರೆಕ್ಟರಿಯ ದಾರಿಯನ್ನು ಬರೆದರೆ ಮುಗಿಯಿತು.

ಇನ್ನು ಇಂಪೋರ್ಟೇ ಮುರಿದುಬಿದ್ದಿರುವ ಸಂದರ್ಭ. ಜಿಡಿಬಿಹುಕ್ಸ್ ಲೋಡ್ ಆಗುವ ಕ್ಷಣದಲ್ಲೇ ‘ಟ್ರೀ_ಕೋಡ್’ ಎಂಬ ಈನಮ್ಮನ್ನು ಡಿಬಗ್ ಮಾಹಿತಿಯಿಂದ ಹುಡುಕಿ ಒಂದು ನಿಘಂಟು ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ಸಿಸಿ1ರ ಸಿಂಬಲ್‌ಗಳು ಓದಲ್ಪಟ್ಟಿರದಿದ್ದರೆ ಅಂಥ ಟೈಪೇ ಇಲ್ಲವೆಂದು ಪೈಥಾನ್ ದೋಷ ಬಂದು ಇಂಪೋರ್ಟ್ ಅಲ್ಲಿಗೇ ನಿಲ್ಲುತ್ತದೆ. ಸ್ಟ್ರಿಪ್ ಮಾಡಿ (ಸಿಂಬಲ್‌ಗಳನ್ನು ಕಿತ್ತುಹಾಕಿ) ಅನುಸ್ಥಾಪಿಸಿದ ಸಿಸಿ1ನ್ನು ಡಿಬಗ್ ಮಾಡಹೊರಟರೆ ಹೀಗಾಗುತ್ತದೆ. ಜಿಡಿಬಿಗೆ ಯಾವ ಪ್ರೋಗ್ರಾಮನ್ನೂ ಕೊಡದೆ ತೆರೆದರೂ ಹೀಗೆಯೇ. ಪ್ರತಿ ಸಲ ಡೈರೆಕ್ಟರಿ ಬದಲಿಸುವುದು ಬೇಡವೆಂದು ಇಂಪೋರ್ಟ್ ಸಾಲನ್ನು ಮನೆಯ ಇನಿಟ್ ಕಡತಕ್ಕೆ ಹಾಕಿಕೊಳ್ಳುವ ಜಾಣತನವೂ ಇದೇ ಗುಂಡಿಗೆ ಬೀಳಿಸುತ್ತದೆ. ಜಿಡಿಬಿ ಮನೆಯ ಕಡತವನ್ನು ಪ್ರೋಗ್ರಾಮ್ ಲೋಡ್ ಆಗುವ ಮೊದಲೇ ಓದುತ್ತದೆ, ನಿಂತ ಡೈರೆಕ್ಟರಿಯ ಕಡತವನ್ನು ಪ್ರೋಗ್ರಾಮ್ ಲೋಡ್ ಆದ ಮೇಲೆ ಓದುತ್ತದೆ. ಈ ಹಿಂದುಮುಂದು ಗೊತ್ತಿಲ್ಲದೆ ನಾನು ಒಮ್ಮೆ ಇಡೀ ಬೆಳಗನ್ನು ಜಿಡಿಬಿಹುಕ್ಸಿನ ಸಾಲುಗಳನ್ನು ತಿದ್ದುವುದರಲ್ಲಿ ಕಳೆದಿದ್ದೇನೆ. ಕಡತದಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ಪೈಥಾನ್ ಬೆಂಬಲವಿಲ್ಲದೆ ಕಟ್ಟಿದ ಜಿಡಿಬಿ ಈಗ ಅಪರೂಪ. ಆದರೂ ‘ಪೈಥಾನ್ ಪ್ರಿಂಟ್(1)’ ಎಂದು ಕೊಟ್ಟು ನೋಡಿದರೆ ಆ ಅನುಮಾನವೂ ತೀರುತ್ತದೆ.

ಲೋಡ್ ಆಗಿದ್ದರೂ ಕೆಲವಕ್ಕೆ ಮಾತ್ರ ಅನ್ವಯವಾಗುವಾಗ

‘ಇನ್ಫೋ ಪ್ರೆಟಿ-ಪ್ರಿಂಟರ್’ ಕೊಟ್ಟರೆ ಜಾಗತಿಕ ಪ್ರಿಂಟರ್‌ಗಳ ಪಟ್ಟಿಯಲ್ಲಿ ‘ಜಿಸಿಸಿ’ ಎಂಬ ಹೆಸರು ಕಾಣಬೇಕು. ಅದು ಕಂಡೂ ಒಂದು ನಿರ್ದಿಷ್ಟ ಚರ ಮಾತ್ರ ವಿಳಾಸವಾಗಿಯೇ ಉಳಿದರೆ, ಕಾರಣ ಬಹುತೇಕ ಟೈಪಿನ ಹೆಸರು. ಜಿಡಿಬಿಹುಕ್ಸ್ ಟೈಪನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಹೆಸರನ್ನು ಪಠ್ಯವಾಗಿ ತೆಗೆದುಕೊಂಡು ತನ್ನ ಪಟ್ಟಿಯೊಡನೆ ಅಕ್ಷರಕ್ಕಕ್ಷರ ಹೋಲಿಸುವುದರಿಂದ. ‘ಟ್ರೀ’ ಎಂದು ಘೋಷಿಸಿದ ಚರ ಹೊಂದುತ್ತದೆ; ಅದೇ ವಸ್ತುವಿಗೆ ರೆಫರೆನ್ಸ್ ಆಗಿ ಘೋಷಿಸಿದ ಚರದ ಟೈಪಿನ ಹೆಸರಿನ ಕೊನೆಗೆ ಇನ್ನೊಂದು ಚಿಹ್ನೆ ಸೇರಿಕೊಂಡಿರುವುದರಿಂದ ಹೊಂದುವುದಿಲ್ಲ. ‘ಪಿಟೈಪ್’ ಅಲ್ಲ, ‘ವಾಟೀಸ್’ ಆಜ್ಞೆಯಿಂದ ಹೆಸರನ್ನು ನೋಡಿಕೊಂಡು, ಬೆಲೆಯನ್ನು ‘ಟ್ರೀ’ ಟೈಪಿಗೆ ಕಾಸ್ಟ್ ಮಾಡಿ ಮತ್ತೆ ಪ್ರಿಂಟ್ ಮಾಡಿ. ಆಗ ಹೆಸರು ಸಹಿತ ಬಂದರೆ ಪ್ರಿಂಟರಿನಲ್ಲಿ ದೋಷವಿಲ್ಲ. (ಪಿಟೈಪ್ ಟೈಪ್‌ಡೆಫನ್ನು ಬಿಡಿಸಿ ತೋರಿಸುತ್ತದೆ, ನಮಗೆ ಬೇಕಾದದ್ದು ಬಿಡಿಸದ ಹೆಸರು.)

ಈ ಹೋಲಿಕೆಯ ಇನ್ನೊಂದು ಪರಿಣಾಮವೆಂದರೆ, ಪ್ರಿಂಟರ್ ಒಂದು ಆವೃತ್ತಿಯದು, ಸಿಸಿ1 ಇನ್ನೊಂದು ಆವೃತ್ತಿಯದು ಆದಾಗ ಅದು ಸದ್ದಿಲ್ಲದೆ ಕೆಡುತ್ತದೆ. ಜಿಸಿಸಿ 6ಕ್ಕಿಂತ ಮೊದಲು ‘ಗಿಂಪಲ್’ ಎಂಬುದೇ ಪಾಯಿಂಟರ್ ಟೈಪಿನ ಹೆಸರಾಗಿತ್ತು; 6ರಿಂದ ಅದು ವಸ್ತುವಿನ ಹೆಸರಾಗಿ, ಪಾಯಿಂಟರಿಗೆ ನಕ್ಷತ್ರ ಬಂತು. ಹಳೆಯ ಕಡತಕ್ಕೆ ಆ ನಕ್ಷತ್ರ ಗೊತ್ತಿಲ್ಲ. ಎರಡು ಆವೃತ್ತಿಗಳ ಬಿಲ್ಡ್‌ಗಳನ್ನು ಒಟ್ಟಿಗೆ ಇಟ್ಟುಕೊಂಡವರು ಒಂದೇ ಜಿಡಿಬಿಯಲ್ಲಿ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ತೆರೆದಾಗ ಇದು ಆಗುತ್ತದೆ. ಪೈಥಾನ್ ಒಂದು ಮಾಡ್ಯೂಲನ್ನು ಒಂದು ಸಲ ಮಾತ್ರ ಇಂಪೋರ್ಟ್ ಮಾಡುವುದರಿಂದ ಎರಡನೆಯ ಇಂಪೋರ್ಟ್ ಸಾಲು ಏನನ್ನೂ ಮಾಡದೆ ದಾಟಿಹೋಗುತ್ತದೆ. ಮಾಡ್ಯೂಲನ್ನು ಬಲವಂತವಾಗಿ ಮರುಲೋಡ್ ಮಾಡಿದರೆ, ಈ ಹೆಸರಿನ ಪ್ರಿಂಟರ್ ಆಗಲೇ ನೋಂದಣಿಯಾಗಿದೆ ಎಂದು ದೋಷ ಬರುತ್ತದೆ. ಜಿಡಿಬಿಹುಕ್ಸನ್ನು ನೀವೇ ತಿದ್ದಿದ್ದರೂ ಇದೇ ಕಥೆ. ಜಿಡಿಬಿಯನ್ನು ಮುಚ್ಚಿ ಹೊಸದಾಗಿ ತೆರೆಯುವುದೊಂದೇ ನೇರ ಉಪಾಯ.

ಒಳಗಿನ ಫೀಲ್ಡಿನ ಹೆಸರು ಬದಲಾಗಿದ್ದರೆ ಮಾತ್ರ ಸದ್ದು ಕೇಳಿಸುತ್ತದೆ. ‘ವೆಕ್’ನ ವಿಷಯದಲ್ಲಿ ಹೀಗಾಗುವುದುಂಟು: ಇಂಥ ಸದಸ್ಯವಿಲ್ಲ ಎಂಬ ಪೈಥಾನ್ ಎಕ್ಸೆಪ್ಷನ್ ಒಂದೇ ಸಾಲಿನಲ್ಲಿ ಬಂದು, ಕೆಳಗೆ ಖಾಲಿ ಉತ್ತರ ಉಳಿಯುತ್ತದೆ. ‘ಸೆಟ್ ಪೈಥಾನ್ ಪ್ರಿಂಟ್-ಸ್ಟ್ಯಾಕ್ ಫುಲ್’ ಕೊಟ್ಟು ಮತ್ತೆ ಪ್ರಿಂಟ್ ಮಾಡಿದರೆ ಎಕ್ಸೆಪ್ಷನ್ ಎದ್ದ ಕಡತ ಮತ್ತು ಸಾಲು ಸಿಗುತ್ತದೆ.

ಪ್ರಿಂಟರ್ ಸರಿಯಿದ್ದು ವಸ್ತುವೇ ಕೆಟ್ಟಿರುವಾಗ

ನನಗೆ ಅತಿ ಆಸಕ್ತಿಯ ಭಾಗ ಇದು, ಏಕೆಂದರೆ ಇಲ್ಲಿ ವಿಚಿತ್ರವಾಗಿ ಕಾಣುವ ಮುದ್ರಣವೇ ನಿಜವಾದ ಸುಳಿವು. ಟ್ರೀ ಪ್ರಿಂಟರ್ ಹೆಸರಿನ ಬದಲು ಬರಿಯ <ಟ್ರೀ (ವಿಳಾಸ)> ಎಂದು ಬರೆದರೆ, ಅದು ವಸ್ತುವಿನ ಕೋಡನ್ನೋ ಆ ಕೋಡಿಗೆ ಸಲ್ಲುವ ಹೆಸರನ್ನೋ ಓದಲಾಗದೆ ಕೈಚೆಲ್ಲಿದೆ ಎಂದರ್ಥ. ವಿಳಾಸ ಸೊನ್ನೆಯಾಗಿದ್ದರೆ ಅದು ನಲ್ ಪಾಯಿಂಟರ್, ಯೋಚಿಸುವಂಥದ್ದೇನಿಲ್ಲ. ಸೊನ್ನೆಯಲ್ಲದಿದ್ದರೆ, ಆ ಪಾಯಿಂಟರ್ ಟ್ರೀಯನ್ನೇ ತೋರಿಸುತ್ತಿಲ್ಲ ಎಂದು ಶಂಕಿಸಬೇಕು.

ಇನ್ನೊಂದು ರೂಪ <ಜಿಜಿಸಿ_ಫ್ರೀಡ್ (ವಿಳಾಸ)>. ಜಿಸಿಸಿಗೆ ತನ್ನದೇ ಕಸಗುಡಿಸುವ ವ್ಯವಸ್ಥೆಯಿದೆ. ಪರಿಶೀಲನೆ ಸಹಿತ ಕಟ್ಟಿದ ಬಿಲ್ಡಿನಲ್ಲಿ ಅದು ಬಿಡುಗಡೆ ಮಾಡಿದ ಮೆಮೊರಿಯ ಪ್ರತಿ ಬೈಟಿಗೂ ಹೆಕ್ಸ್ ಎ5 ತುಂಬುತ್ತದೆ. ಟ್ರೀಯ ಮೊದಲ 16 ಬಿಟ್‌ಗಳು ಅದರ ಕೋಡ್ ಆಗಿರುವುದರಿಂದ, ಬಿಡುಗಡೆಯಾದ ವಸ್ತುವಿನ ಕೋಡ್ ಎ5ಎ5, ಅಂದರೆ ದಶಮಾಂಶದಲ್ಲಿ 42405 ಎಂದು ಓದಿಸಿಕೊಳ್ಳುತ್ತದೆ. ಪ್ರಿಂಟರ್ ಈ ಸಂಖ್ಯೆಯನ್ನು ಬಲ್ಲದು, ಆದ್ದರಿಂದ ಹಾಗೆಂದೇ ಹೇಳುತ್ತದೆ. ಹೊಸದಾಗಿ ಹಂಚಿ ಇನ್ನೂ ತುಂಬಿಸದ ಮೆಮೊರಿಗೆ ಹೆಕ್ಸ್ ಎಎಫ್ ತುಂಬಿರುತ್ತದೆ. ಪ್ರಿಂಟರಿನಲ್ಲಿ ಇದಕ್ಕೆ ಬೇರೆ ಹೆಸರಿಲ್ಲದಿರುವುದರಿಂದ ‘ಎಕ್ಸ್’ ಆಜ್ಞೆಯಿಂದ ಮೊದಲ ಎಂಟು ಬೈಟುಗಳನ್ನು ಹೆಕ್ಸ್‌ನಲ್ಲಿ ನೋಡಿಯೇ ಗುರುತಿಸಬೇಕು.

ಜಿಜಿಸಿ_ಫ್ರೀಡ್ ಕಂಡರೆ ಪ್ರಿಂಟರಿನ ಗೊಡವೆ ಬಿಟ್ಟು ನಿಮ್ಮ ಪಾಸಿನ ಕಡೆ ತಿರುಗಿ. ಟ್ರೀಯನ್ನು ಹಿಡಿದಿಟ್ಟ ಯಾವುದೋ ಜಾಗತಿಕ ಚರಕ್ಕೆ ‘ಜಿಟಿವೈ’ ಗುರುತು ಹಾಕಲು ಮರೆತಿರುವ ಸಾಧ್ಯತೆಯೇ ಹೆಚ್ಚು. ಗುರುತಿಲ್ಲದ ಚರ ಕಸಗುಡಿಸುವವನ ಕಣ್ಣಿಗೆ ಬೀಳುವುದಿಲ್ಲ, ಅದು ಹಿಡಿದಿರುವ ವಸ್ತು ಕಸದೊಡನೆ ಹೋಗುತ್ತದೆ. ದೋಷ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದರೆ ‘ಜಿಜಿಸಿ-ಮಿನ್-ಎಕ್ಸ್‌ಪ್ಯಾಂಡ್’ ಮತ್ತು ‘ಜಿಜಿಸಿ-ಮಿನ್-ಹೀಪ್‌ಸೈಜ್’ ಎಂಬ ಎರಡು ಪ್ಯಾರಾಮೀಟರ್‌ಗಳನ್ನೂ ಸೊನ್ನೆ ಮಾಡಿ ಓಡಿಸಿ: ಅವಕಾಶ ಸಿಕ್ಕಾಗಲೆಲ್ಲ ಪೂರ್ತಿ ಗುಡಿಸುವುದರಿಂದ ಕಂಪೈಲರ್ ನಿಧಾನವಾಗುತ್ತದೆ, ಆದರೆ ದೋಷ ಹುಟ್ಟಿದ ಜಾಗದ ಹತ್ತಿರವೇ ಸಿಕ್ಕಿಬೀಳುತ್ತದೆ. ಬಿಡುಗಡೆ ಆವೃತ್ತಿಯ ಬಿಲ್ಡಿನಲ್ಲಿ ಎ5 ತುಂಬುವ ಕೆಲಸವೇ ನಡೆಯುವುದಿಲ್ಲ. ಅಲ್ಲಿ ಸತ್ತ ವಸ್ತುವೂ ಹಳೆಯ ಹೆಸರಿನಿಂದಲೇ ಜೀವಂತವಿರುವಂತೆ ಮುದ್ರಣವಾಗಬಹುದು, ಆದ್ದರಿಂದ ಈ ಬಗೆಯ ಹುಡುಕಾಟಕ್ಕೆ ಆ ಬಿಲ್ಡನ್ನು ನಂಬಬಾರದು.

ಬೆಲೆಯ ಜಾಗದಲ್ಲಿ, ಆಪ್ಟಿಮೈಸ್ ಆಗಿ ಹೋಗಿದೆ ಎಂದು ಬಂದರೆ ಬೇರೆ ಹುಡುಕಾಟ ಬೇಡ. ಬೂಟ್‌ಸ್ಟ್ರ್ಯಾಪ್ (ಜಿಸಿಸಿ ತನ್ನನ್ನು ತಾನೇ ಹಂತಹಂತವಾಗಿ ಕಟ್ಟಿಕೊಳ್ಳುವುದು) ನಿಲ್ಲಿಸಿ, ‘-ಓ0 -ಜಿ3’ ಆಯ್ಕೆಗಳಿಂದ ಮತ್ತೊಮ್ಮೆ ಕಟ್ಟಿಕೊಳ್ಳಿ.

ಕಂಪೈಲರಿನದೇ ಫಂಕ್ಷನ್ ಕೈಕೊಟ್ಟಾಗ

ಡಿಬಗ್_ಟ್ರೀ ಓಡಲು ಜೀವಂತ ಪ್ರೊಸೆಸ್ ಬೇಕು. ಕೋರ್ ಕಡತ (ಕುಸಿದ ಪ್ರೊಸೆಸ್ಸಿನ ಮೆಮೊರಿಯ ನಕಲು) ತೆರೆದುಕೊಂಡು ಅದನ್ನು ಕರೆದರೆ, ಡಿಬಗ್ ಮಾಡಲು ಪ್ರೊಸೆಸ್ ಇಲ್ಲದೆ ಇದು ಆಗದು ಎಂದು ಜಿಡಿಬಿ ಹೇಳುತ್ತದೆ. ಅಲ್ಲಿ ಪೈಥಾನ್ ಪ್ರಿಂಟರ್‌ಗಳೇ ಗತಿ. ‘ಪಿಟಿ’ ಎಂಬುದು ಡಿಬಗ್_ಟ್ರೀಯನ್ನು ಕರೆಯುವ ಕಿರುಆಜ್ಞೆ. ಅದಕ್ಕೆ ಏನನ್ನೂ ಕೊಡದಿದ್ದರೆ ಅದು ಕೊನೆಯ ಬೆಲೆಯನ್ನು, ಎಂದರೆ ಬರಿಯ ಡಾಲರ್ ಚಿಹ್ನೆಯನ್ನು ಮುದ್ರಿಸುತ್ತದೆ. ನಡುವೆ ನೀವು ಒಂದು ಪೂರ್ಣಾಂಕವನ್ನು ಪ್ರಿಂಟ್ ಮಾಡಿ ನೋಡಿದ್ದರೆ ಕೊನೆಯ ಬೆಲೆ ಆ ಪೂರ್ಣಾಂಕವೇ. ಪಿಟಿ ಅದನ್ನೇ ಟ್ರೀ ಎಂದುಕೊಂಡು ಕುಸಿಯುತ್ತದೆ.

ಕುಸಿದಾಗ ಜಿಡಿಬಿ ಆ ಕರೆದ ಫಂಕ್ಷನ್ನಿನ ಫ್ರೇಮಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಕಂಟಿನ್ಯೂ ಕೊಟ್ಟರೆ ಸಿಸಿ1 ತನ್ನದೇ ಆಂತರಿಕ ದೋಷವೆಂದು ವರದಿ ಬರೆದು ಮುಗಿದುಹೋಗುತ್ತದೆ. ಅರ್ಧ ಗಂಟೆ ಕಾದು ತಲುಪಿದ ಬ್ರೇಕ್‌ಪಾಯಿಂಟ್ ಕೈತಪ್ಪುತ್ತದೆ. ‘ಸೆಟ್ ಅನ್‌ವೈಂಡ್‌ಆನ್‌ಸಿಗ್ನಲ್ ಆನ್’ ಎಂದು ಮೊದಲೇ ಕೊಟ್ಟಿದ್ದರೆ ಜಿಡಿಬಿ ಸ್ಟ್ಯಾಕನ್ನು ಕರೆಯ ಹಿಂದಿನ ಸ್ಥಿತಿಗೆ ತರುತ್ತದೆ. ಕೆಟ್ಟಿದೆಯೆಂಬ ಅನುಮಾನವಿರುವ ಟ್ರೀಯನ್ನು ಮೊದಲು ಪೈಥಾನ್ ಪ್ರಿಂಟರಿನಿಂದ ನೋಡಿ, ಹೆಸರು ಸಹಿತ ಬಂದರೆ ಮಾತ್ರ ಡಿಬಗ್_ಟ್ರೀ ಕರೆಯುವುದು ವಾಸಿ.

‘ಟ್ರೀ_ಟೈಪ್’ನಂಥ ಮ್ಯಾಕ್ರೋಗಳನ್ನು ಜಿಡಿಬಿಯಲ್ಲಿ ನೇರವಾಗಿ ಬಳಸಬೇಕಾದರೆ -ಜಿ3 ಮಾಹಿತಿ ಬೇಕೇ ಬೇಕು. ಪರಿಶೀಲನೆ ಸಹಿತ ಬಿಲ್ಡಿನಲ್ಲಿ ಈ ಮ್ಯಾಕ್ರೋಗಳು ಬಿಚ್ಚಿಕೊಂಡಾಗ ಕಡತ, ಸಾಲು, ಫಂಕ್ಷನ್ ಹೆಸರುಗಳ ಒಳಮ್ಯಾಕ್ರೋಗಳನ್ನು ಕೇಳುತ್ತವೆ. ಅವು ಡಿಬಗರಿನಲ್ಲಿ ಇರುವುದಿಲ್ಲವಾದ್ದರಿಂದ ಜಿಡಿಬಿಇನಿಟ್.ಇನ್ ಕಡತವು ಅವುಗಳಿಗೆ ‘ಜಿಡಿಬಿ’ ಎಂಬ ಹೆಸರನ್ನೂ 1 ಎಂಬ ಸಾಲಿನ ಸಂಖ್ಯೆಯನ್ನೂ ಕೊಟ್ಟಿರುತ್ತದೆ. ಮ್ಯಾಕ್ರೋ ಕೆಲಸ ಮಾಡದಿದ್ದರೆ ಮತ್ತೆ ಮೊದಲ ವಿಭಾಗಕ್ಕೇ ಹೋಗಬೇಕು, ಇನಿಟ್ ಕಡತ ಓದಲ್ಪಟ್ಟಿಲ್ಲ.

ನೀವೇ ಬರೆದ ಮುದ್ರಣ ಫಂಕ್ಷನ್

ನಿಮ್ಮ ಪಾಸಿನ ಸ್ವಂತ ರಚನೆಗೆ ಮುದ್ರಣ ಫಂಕ್ಷನ್ ಬರೆಯುವಾಗ ಕಂಪೈಲರಿನ ‘ಪ್ರೆಟಿ_ಪ್ರಿಂಟರ್’ ವಸ್ತುವನ್ನು ಬಳಸುವುದು ರೂಢಿ. ಅದು ಬರೆದದ್ದನ್ನು ತನ್ನ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ. ಕೊನೆಗೆ ‘ಪಿಪಿ_ಫ್ಲಶ್’ ಕರೆಯದಿದ್ದರೆ ಪರದೆಗೆ ಏನೂ ಬರುವುದಿಲ್ಲ, ವಸ್ತು ನಾಶವಾದಾಗ ಬಫರೂ ಅದರೊಡನೆ ಹೋಗುತ್ತದೆ. ಎರಡನೆಯದಾಗಿ, ನೀವು ಬೇರೆ ಹೇಳದಿದ್ದರೆ ಅದರ ಸ್ಟ್ರೀಮ್ ಸ್ಟ್ಯಾಂಡರ್ಡ್ ಎರರ್, ಅದನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬದಲಿಸಬಾರದು. ಬದಲಿಸಿದರೆ ಫಲ ವಿಚಿತ್ರ. ನಾನು ಹಾಗೆ ಬದಲಿಸಿ ಬರೆದ ಒಂದು ಫಂಕ್ಷನ್ ಕೈಯಾರೆ ಓಡಿಸಿದಾಗ ಚೆನ್ನಾಗಿಯೇ ಇತ್ತು. ದೊಡ್ಡದೊಂದು ಪ್ರಾಜೆಕ್ಟಿನ ಮೇಕ್‌ಫೈಲಿನಿಂದ ಓಡಿಸಿದಾಗ, ಇಂಥ ಇನ್‌ಸ್ಟ್ರಕ್ಷನ್ ಇಲ್ಲ ಎಂದು ಅಸೆಂಬ್ಲರ್ ಗೊಣಗಿ ಬಿಲ್ಡ್ ನಿಂತಿತು, ಮತ್ತು ಅದು ಇಲ್ಲವೆಂದ ಇನ್‌ಸ್ಟ್ರಕ್ಷನ್ನಿನ ಹೆಸರು ನನ್ನ ರಚನೆಯ ಹೆಸರೇ ಆಗಿತ್ತು! ಆ ಮೇಕ್‌ಫೈಲಿನಲ್ಲಿ ‘-ಪೈಪ್’ ಆಯ್ಕೆ ಇತ್ತು. ಆಗ ಸಿಸಿ1 ತನ್ನ ಅಸೆಂಬ್ಲಿಯನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಬರೆಯುತ್ತದೆ, ಅಸೆಂಬ್ಲರ್ ಅದನ್ನು ಪೈಪಿನ ಇನ್ನೊಂದು ತುದಿಯಿಂದ ಓದುತ್ತದೆ, ನನ್ನ ಡಿಬಗ್ ಸಾಲುಗಳು ಅದರ ನಡುವೆ ಸೇರಿದ್ದವು.

ಫಂಕ್ಷನ್ನಿಗೆ ‘ಡಿಬಗ್_ಫಂಕ್ಷನ್’ ಮ್ಯಾಕ್ರೋದ ಗುರುತು ಹಾಕುವುದನ್ನೂ ಮರೆಯಬಾರದು. ಕೋಡಿನಲ್ಲಿ ಅದನ್ನು ಯಾರೂ ಕರೆಯದಿರುವುದರಿಂದ, ಅದು ಸ್ಟ್ಯಾಟಿಕ್ ಆಗಿದ್ದರೆ ಅಥವಾ ಬಿಲ್ಡ್ ಎಲ್‌ಟಿಒದಿಂದ (ಲಿಂಕ್ ಮಾಡುವ ಹೊತ್ತಿನ ಆಪ್ಟಿಮೈಸೇಷನ್ನಿನಿಂದ) ಆಗಿದ್ದರೆ, ಕಂಪೈಲರ್ ಅದನ್ನು ಕಿತ್ತುಹಾಕುತ್ತದೆ; ಆಮೇಲೆ ಜಿಡಿಬಿ ಅಂಥ ಸಿಂಬಲ್ಲೇ ಇಲ್ಲ ಎನ್ನುತ್ತದೆ.

ಕೊನೆಯದು ದೋಷಸಂದೇಶಗಳಲ್ಲಿ ಬಳಸುವ ಫಾರ್ಮ್ಯಾಟ್ ಸಂಕೇತಗಳು. ಡಿಕ್ಲರೇಷನ್ನಿಗೆ ‘%ಡಿ’, ಟೈಪಿಗೆ ‘%ಟಿ’, ಎಕ್ಸ್‌ಪ್ರೆಷನ್ನಿಗೆ ‘%ಇ’ (ಮೂರೂ ಇಂಗ್ಲಿಷಿನ ದೊಡ್ಡಕ್ಷರಗಳು) ಎಂದು ಸಿ ಭಾಷೆಯ ಪ್ರಿಂಟ್ಎಫ್‌ನಲ್ಲಿ ಇಲ್ಲದ ಅಥವಾ ಅಲ್ಲಿ ಬೇರೆ ಅರ್ಥವಿರುವ ಸಂಕೇತಗಳನ್ನು ಜಿಸಿಸಿ ಬಳಸುತ್ತದೆ, ಅವನ್ನು ಬಿಡಿಸುವ ಕೆಲಸ ಆಯಾ ಭಾಷೆಯನ್ನು ಓದುವ ಭಾಗವಾದ ಫ್ರಂಟ್ ಎಂಡಿನದು. ಸಿ++ ಫ್ರಂಟ್ ಎಂಡ್ ಬಲ್ಲ ಎಲ್ಲ ಸಂಕೇತಗಳನ್ನೂ ಸಿ ಫ್ರಂಟ್ ಎಂಡ್ ಬಲ್ಲದು ಎಂದೇನಿಲ್ಲ. ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಮಧ್ಯಭಾಗದ ಕೋಡಿನಲ್ಲಿ ಸಿ++ಗೆ ಮಾತ್ರ ಸಲ್ಲುವ ಸಂಕೇತ ಬರೆದರೆ ಸಿ ಕಡತ ಕಂಪೈಲ್ ಮಾಡುವಾಗ ‘ಪಿಪಿ_ಫಾರ್ಮ್ಯಾಟ್’ನಲ್ಲಿ ಆಂತರಿಕ ದೋಷ ಬರುತ್ತದೆ. ಬ್ಯಾಕ್‌ಟ್ರೇಸಿನಲ್ಲಿ ಅದಕ್ಕಿಂತ ಮೇಲೆ ಹತ್ತಿ ನಿಮ್ಮ ಸಂದೇಶದ ಕರೆ ಸಿಗುವವರೆಗೆ ಹೋಗಿ ಅಲ್ಲಿನ ಸಂಕೇತವನ್ನು ನೋಡಬೇಕು. ಇಂಥ ತಪ್ಪನ್ನು ಹಿಡಿಯಲು ಜಿಸಿಸಿಯಲ್ಲಿ ಫಾರ್ಮ್ಯಾಟ್ ಪರಿಶೀಲನೆಯ ಗುರುತುಗಳಿವೆ, ಆದರೆ ಅವು ಪೂರ್ತಿಯಾಗಿ ನಂಬಲರ್ಹವಾಗುವುದು ಹೊಸ ಜಿಸಿಸಿ ತನ್ನನ್ನು ತಾನೇ ಕಟ್ಟಿಕೊಳ್ಳುವ ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ. ಡಿಬಗ್ ಮಾಡಲು ಅನುಕೂಲವೆಂದು ಬೂಟ್‌ಸ್ಟ್ರ್ಯಾಪ್ ನಿಲ್ಲಿಸಿ ಕಟ್ಟಿದ ಬಿಲ್ಡಿನಲ್ಲಿ ಆ ಹಂತಗಳೇ ಇರುವುದಿಲ್ಲ. ಆದ್ದರಿಂದ ಸಂದೇಶಗಳನ್ನು ತಿದ್ದಿದ ಪ್ಯಾಚನ್ನು ಕಳುಹಿಸುವ ಮೊದಲು, ಡಿಬಗ್ ಬಿಲ್ಡ್ ಎಷ್ಟೇ ಸರಿಯಾಗಿ ಓಡಿದ್ದರೂ, ಬೇರೊಂದು ಡೈರೆಕ್ಟರಿಯಲ್ಲಿ ಪೂರ್ಣ ಬೂಟ್‌ಸ್ಟ್ರ್ಯಾಪನ್ನು ಒಮ್ಮೆ ಓಡಿಸಲೇಬೇಕು.